ಮಳೆಗಾಲದಲ್ಲಿ ಕಡಲ ಊರುಗಳಿಗೆ: ತುಮಕೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಬಂತೆಂದರೆ ಬೀದಿಯಲ್ಲಿ, ನೆಂಟರ ಮನೆಯಲ್ಲಿ, ಫೋನಿನಲ್ಲಿ ಇದೇ ಮಾತು ಶುರುವಾಗುತ್ತದೆ. ಜನ ಮಳೆಗೆ ಹೆದರಿ ವಾಪಸ್ ಬರುವ ಕಾಲಕ್ಕೆ ಇವರು ಕರಾವಳಿಗೆ ಹೊರಡುತ್ತಾರೆ ಅಂತ ನಮ್ಮ ಮನೆಗೊಂದು ಹೆಸರಾಗಿದೆ. ಹಾಗಾಗಿ ಕೇಳುವವರು ಜಾಸ್ತಿ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಸ್ವಲ್ಪ ಆಳದವು. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಳ್ಳಬಹುದು. ಆದರೆ ನೀರಿಗಿಳಿಯುವ ವಿಷಯದ ಭಾಗವನ್ನು ಮಾತ್ರ ದಯವಿಟ್ಟು ಯಾರೂ ಬಿಡಬೇಡಿ.

## ಹೊರಡುವ ಮುಂಚೆ

ಮಳೆಗಾಲದಲ್ಲಿ ಯಾರಾದ್ರೂ ಸಮುದ್ರದ ಕಡೆ ಹೋಗ್ತಾರಾ? ಅಲ್ಲೇನಿರುತ್ತೆ ನೋಡೋಕೆ?

ಹೋಗುವವರು ಕಡಿಮೆ. ಅದೇ ಅಲ್ಲಿನ ಸುಖ. ಡಿಸೆಂಬರ್ ಕೊನೆಯ ವಾರದಲ್ಲಿ ಗೋಕರ್ಣಕ್ಕೋ ಮುರುಡೇಶ್ವರಕ್ಕೋ ಹೋದವರಿಗೆ ಗೊತ್ತು. ಗಾಡಿ ನಿಲ್ಲಿಸಲು ಜಾಗವಿಲ್ಲ, ಹೋಟೆಲಿನಲ್ಲಿ ಕೂರಲು ಕುರ್ಚಿಯಿಲ್ಲ. ಊರಿನವರು ಎಲ್ಲಿದ್ದಾರೆ ಅಂತಲೇ ಕಾಣುವುದಿಲ್ಲ. ಜುಲೈನಲ್ಲಿ ಅದೇ ಊರು ತನ್ನ ಜನರ ಕೈಗೆ ವಾಪಸ್ ಬಂದಿರುತ್ತದೆ. ದೋಣಿಗಳು ದಡ ಹತ್ತಿರುತ್ತವೆ. ಗದ್ದೆಯಲ್ಲಿ ನಾಟಿ ನಡೆಯುತ್ತಿರುತ್ತದೆ. ಟೀ ಅಂಗಡಿಯವರಿಗೆ ನಿಮ್ಮ ಜೊತೆ ಮಾತಾಡಲು ಪುರುಸೊತ್ತಿರುತ್ತದೆ.

ನೋಡಲು ಏನಿದೆ ಅಂದರೆ, ಮೊದಲನೆಯದು ಮಳೆಯೇ. ನಮ್ಮ ತುಮಕೂರು ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600ರಿಂದ 700 ಮಿಲಿಮೀಟರ್. ಕರಾವಳಿಯಲ್ಲಿ ಅದು 3000 ದಾಟುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಕೆರೆ ತುಂಬಲಿ ಅಂತ ಆಕಾಶ ನೋಡಿಕೊಂಡು ಬೆಳೆದ ನಮ್ಮಂಥವರಿಗೆ ಮೂರು ದಿನ ಬಿಡದೆ ಹೊಯ್ಯುವ ಮಳೆಯನ್ನು ಜಗಲಿಯಲ್ಲಿ ಕೂತು ನೋಡುವುದೇ ದೊಡ್ಡ ವಿಷಯ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೀಚ್ ನೋಡಲು ಅಂತ ಹೋದರೆ ಬೇಜಾರಾಗುತ್ತದೆ. ಊರು ನೋಡಲು ಅಂತ ಹೋಗಿ.

ಆಫ್ ಸೀಸನ್ ಅಂದ್ರೆ ಯಾವ ತಿಂಗಳು? ಚಳಿಗಾಲದಲ್ಲಿ ಬೀಚ್ ಊರುಗಳು ಖಾಲಿ ಇರ್ತವೆ ಅಂತ ಓದಿದ್ದೆ.

ನೀವು ಓದಿದ್ದು ಚಳಿ ದೇಶಗಳ ಮಾತು. ಅಲ್ಲಿ ಚಳಿಗಾಲದಲ್ಲಿ ಸಮುದ್ರದ ಊರು ಬಾಗಿಲು ಹಾಕಿಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಲಿಡಲು ಜಾಗವಿರುವುದಿಲ್ಲ. ಶಾಲಾ ಪ್ರವಾಸ, ಅಯ್ಯಪ್ಪ ಮಾಲೆ ಹಾಕಿದವರು, ಹೊಸ ವರ್ಷಕ್ಕೆ ಬರುವವರು, ಎಲ್ಲಾ ಒಟ್ಟಿಗೆ ಸೇರುತ್ತಾರೆ. ಚಳಿಗಾಲವೇ ಬೇಕು ಅನ್ನುವವರು ಸಂಕ್ರಾಂತಿ ಕಳೆದ ಮೇಲೆ ಸೋಮವಾರದಿಂದ ಗುರುವಾರದ ನಡುವೆ ಹೋದರೆ ಸ್ವಲ್ಪ ನೆಮ್ಮದಿ ಸಿಗುತ್ತದೆ.

ನಮ್ಮ ನಿಜವಾದ ಆಫ್ ಸೀಸನ್ ಜೂನ್ ಎರಡನೇ ವಾರದಿಂದ ಸೆಪ್ಟೆಂಬರ್‌ವರೆಗೆ. ಅದರಲ್ಲೂ ಆಷಾಢ ಮಾಸ ನಮಗೆ ಹೇಳಿ ಮಾಡಿಸಿದ ಹಾಗಿದೆ. ಮದುವೆ, ಮುಂಜಿ, ಗೃಹಪ್ರವೇಶ ಯಾವುದೂ ಇರುವುದಿಲ್ಲ. ಮಿಕ್ಕ ತಿಂಗಳಲ್ಲಿ ಭಾನುವಾರ ಬಂದರೆ ಯಾವುದಾದರೂ ಛತ್ರದಲ್ಲಿ ಮುಖ ತೋರಿಸಲೇಬೇಕು ಅಲ್ವಾ? ಆಗಸ್ಟ್ 15ರ ಸುತ್ತ ಮತ್ತು ವರಮಹಾಲಕ್ಷ್ಮಿ ಹಬ್ಬದ ರಜೆ ಶನಿವಾರ-ಭಾನುವಾರಕ್ಕೆ ಅಂಟಿಕೊಂಡು ಬಂದಾಗ ಮಾತ್ರ ಹೋಗಬೇಡಿ. ಆ ಮೂರು ದಿನ ಮಳೆಯಲ್ಲೂ ಜಾತ್ರೆಯೇ.

ಗೋಕರ್ಣನಾ, ಮುರುಡೇಶ್ವರನಾ, ಮಲ್ಪೆನಾ? ಯಾವ ಊರು ಒಳ್ಳೇದು?

ನನ್ನನ್ನು ಕೇಳಿದರೆ ಹೊನ್ನಾವರ. ಇದು ಬೀಚಿಗೆಂದು ಹುಟ್ಟಿಕೊಂಡ ಊರಲ್ಲ. ತಾಲ್ಲೂಕು ಕಚೇರಿ, ಮೀನು ಮಾರ್ಕೆಟ್ಟು, ಕಾಲೇಜು, ಬಸ್ ಸ್ಟ್ಯಾಂಡು ಇರುವ ಸಾಧಾರಣ ಪಟ್ಟಣ. ಆದ್ದರಿಂದ ಪ್ರವಾಸಿಗರು ಬರಲಿ ಬಿಡಲಿ, ಹೋಟೆಲುಗಳು ತೆಗೆದೇ ಇರುತ್ತವೆ. ಶರಾವತಿ ಸಮುದ್ರ ಸೇರುವುದು ಇಲ್ಲಿಯೇ. ಮಳೆಗಾಲದಲ್ಲಿ ನದಿಯ ಕೆಂಪು ನೀರು ಕಡಲಿಗೆ ನುಗ್ಗುವುದನ್ನು ನೋಡಬೇಕು. ನದಿ ದಾಟಿದರೆ ಕಾಸರಕೋಡು. 2020ರಲ್ಲಿ ಪಡುಬಿದ್ರಿಯ ಜೊತೆ, ಸ್ವಚ್ಛ, ಸುರಕ್ಷಿತ ಬೀಚ್‌ಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಬೀಚ್ ಅದು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಹಲಗೆಯ ಕಾಲುದಾರಿ ಇದೆ, ಮಳೆ ಬಿಟ್ಟ ಹೊತ್ತಿನಲ್ಲಿ ನಡೆಯಲು ಚೆಂದ. ಅಪ್ಸರಕೊಂಡದ ಜಲಪಾತ ಬೇಸಿಗೆಯಲ್ಲಿ ಬಡವಾಗಿರುತ್ತದೆ, ಈಗ ಮೈತುಂಬಿಕೊಂಡಿರುತ್ತದೆ. ಇಡಗುಂಜಿ ಗಣಪತಿ ಹತ್ತಿರ.

ಗೋಕರ್ಣದಲ್ಲಿ ಕುಡ್ಲೆ, ಓಂ ಬೀಚ್‌ಗಳ ಗುಡಿಸಲು ಹೋಟೆಲುಗಳು ಹೆಚ್ಚಿನವು ಮಳೆಗಾಲಕ್ಕೆ ಮುಚ್ಚುತ್ತವೆ. ಆದರೆ ಊರೊಳಗಿನ ರಥಬೀದಿ, ಮಹಾಬಲೇಶ್ವರನ ಗುಡಿ, ಕೋಟಿತೀರ್ಥದ ಸುತ್ತಲಿನ ಹಳೆಯ ಮನೆಗಳು ಆಗಲೇ ಚೆಂದ. ಮುರುಡೇಶ್ವರಕ್ಕೆ ಅರ್ಧ ದಿನ ಸಾಕು. 123 ಅಡಿಯ ಶಿವನ ಹಿಂದೆ ಕಪ್ಪು ಮೋಡ ಕಟ್ಟಿರುವುದನ್ನು ನೋಡಿಯೇ ಬರಬೇಕು. ಮಲ್ಪೆಗೆ ಹೋಗುವವರು ತಿಳಿದಿರಲಿ, ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ.

ನಮ್ಮ ಹತ್ರ ಕಾರಿಲ್ಲ. ತುಮಕೂರಿಂದ ಹೇಗೆ ಹೋಗೋದು?

ಕಾರಿಲ್ಲದಿದ್ದರೇ ಒಳ್ಳೆಯದು. ಮಳೆಯಲ್ಲಿ ಘಾಟಿ ಇಳಿಸುವ ಕೆಲಸ ದಿನಾ ಇಳಿಸುವವರಿಗೇ ಇರಲಿ.

ನಾವು ದಿನಾ ಓಡಾಡುವ ಬಿ.ಎಚ್. ರಸ್ತೆಯೇ ಬೆಂಗಳೂರು-ಹೊನ್ನಾವರ ರಸ್ತೆ. ಹಳೆಯ 206ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ತುಮಕೂರಲ್ಲಿ ಶುರುವಾಗಿ, ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ, ಸಾಗರದ ಮೇಲೆ ಹೊನ್ನಾವರದಲ್ಲಿ ಮುಗಿಯುತ್ತಿತ್ತು. ಸುಮಾರು 360 ಕಿಲೋಮೀಟರ್. ಬೆಂಗಳೂರಿಂದ ಹೊನ್ನಾವರ, ಕುಮಟಾ ಕಡೆ ಹೋಗುವ ರಾತ್ರಿ ಬಸ್ಸುಗಳಲ್ಲಿ ತುಮಕೂರಲ್ಲೇ ಹತ್ತಬಹುದು. ಬುಕ್ ಮಾಡುವಾಗ ಹತ್ತುವ ಜಾಗವನ್ನು ಸರಿಯಾಗಿ ನೋಡಿಕೊಳ್ಳಿ.

ನನಗೆ ಇಷ್ಟವಾದದ್ದು ಹಗಲಿನ ಪ್ರಯಾಣ. ಸರ್ಕಾರಿ ಬಸ್ಸಿನಲ್ಲಿ ಶಿವಮೊಗ್ಗದವರೆಗೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಸಾಗರದ ಮೇಲೆ ಹೊನ್ನಾವರ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡ್ ಇಟ್ಟುಕೊಂಡಿರಿ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಕಿಟಕಿ ಪಕ್ಕ ಕೂತರೆ ತಿಪಟೂರಿನ ತೆಂಗು, ಕಡೂರಿನ ಬಯಲು, ತರೀಕೆರೆ ದಾಟಿದ ಮೇಲೆ ಅಡಿಕೆ ತೋಟ, ಸಾಗರದ ಆಚೆ ಕಾಡು, ಹೀಗೆ ಅರ್ಧ ಕರ್ನಾಟಕ ಒಂದೇ ದಿನದಲ್ಲಿ ಬಣ್ಣ ಬದಲಾಯಿಸುವುದು ಕಾಣುತ್ತದೆ.

ರೈಲು ಬೇಕೆಂದರೆ ಮೈಸೂರಿಂದ ಬೆಂಗಳೂರು ಮೇಲೆ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ತುಮಕೂರಲ್ಲಿ ನಿಲ್ಲುತ್ತದೆ. ತಾಳಗುಪ್ಪದಲ್ಲಿ ಇಳಿದು ಜೋಗ ನೋಡಿಕೊಂಡು, ಅಲ್ಲಿಂದ ಬಸ್ಸಿನಲ್ಲಿ ಘಾಟಿ ಇಳಿಯಬಹುದು. ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಟ್ಟಿಗೆ ಮೈದುಂಬಿ ಬೀಳುವುದು ಈ ಕಾಲದಲ್ಲೇ. 253 ಮೀಟರ್ ಆಳದಿಂದ ಮಂಜು ಮೇಲೆದ್ದು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಅವಸರ ಮಾಡದೆ ಅರ್ಧ ಗಂಟೆ ಕಾದರೆ ಒಂದು ಗಾಳಿ ಬಂದು ಪರದೆ ಸರಿಸುತ್ತದೆ.

ಇಡೀ ದಿನ ಮಳೆ ಬಂದ್ರೆ ರೂಮಲ್ಲೇ ಕೂರಬೇಕಾಗುತ್ತಲ್ಲ?

ಕೆಲವು ದಿನ ಹೌದು. ಹೆಚ್ಚಿನ ದಿನ ಇಲ್ಲ. ಕರಾವಳಿಯ ಮಳೆ ಜೋರಾಗಿ ಹೊಯ್ದು, ಒಂದು ತಾಸು ಬಿಟ್ಟು, ಮತ್ತೆ ಹೊಯ್ಯುತ್ತದೆ. ಆ ಬಿಡುವಿನಲ್ಲಿ ಊರವರು ಸಂತೆ, ಬ್ಯಾಂಕು ಎಲ್ಲಾ ಮುಗಿಸಿಕೊಂಡು ಬರುತ್ತಾರೆ. ನೀವೂ ಹಾಗೇ ಮಾಡಿ. ದಿನಕ್ಕೆ ಒಂದೇ ಜಾಗ ಅಂತ ಇಟ್ಟುಕೊಳ್ಳಿ. ಐದು ಜಾಗದ ಪಟ್ಟಿ ಹಿಡಿದು ಹೋದವರು ಮಳೆಯನ್ನು ಬೈದುಕೊಂಡೇ ವಾಪಸ್ ಬರುತ್ತಾರೆ.

## ಇರುವುದು, ಉಣ್ಣುವುದು

ರೂಮು ಅಗ್ಗಕ್ಕೆ ಸಿಗುತ್ತಾ?

ಸಿಗುತ್ತದೆ. ಆನ್‌ಲೈನ್ ದರ ನೋಡಿಕೊಂಡು, ಆಮೇಲೆ ನೇರವಾಗಿ ಫೋನ್ ಮಾಡಿ ಕೇಳಿ. ವಾರದ ನಡುವೆ ಎರಡು-ಮೂರು ರಾತ್ರಿ ಇರುತ್ತೇವೆ ಅಂದರೆ ಇನ್ನೂ ಇಳಿಸುತ್ತಾರೆ. ಆದರೆ ದರಕ್ಕಿಂತ ಮುಖ್ಯವಾಗಿ ಮೂರು ವಿಷಯ ಕೇಳಬೇಕು. ಕರೆಂಟು ಹೋದರೆ ಜನರೇಟರ್ ಇದೆಯಾ? ಅಡಿಗೆ ಅಲ್ಲೇ ಮಾಡುತ್ತಾರಾ? ಬಟ್ಟೆ ಒಣಹಾಕಲು ಸೂರಿರುವ ಜಾಗ ಇದೆಯಾ? ಸಮುದ್ರಕ್ಕೆ ಮುಖ ಮಾಡಿದ ರೂಮು ಅಂತ ಆಸೆ ಪಡಬೇಡಿ. ಪಡುವಣ ಗಾಳಿಗೆ ನೀರೆಲ್ಲ ಕಿಟಕಿಯೊಳಗೇ ಬರುತ್ತದೆ. ಅಲ್ಲಿನ ಹಳೆಯ ಮನೆಯವರು ಪಶ್ಚಿಮದ ಗೋಡೆಗೆ ಅಡಿಕೆ ಸೋಗೆಯನ್ನೋ ಟಾರ್ಪಾಲನ್ನೋ ಕಟ್ಟುವುದು ಇದೇ ಕಾರಣಕ್ಕೆ.

ಮೀನು ಸಿಗಲ್ಲ ಅಂತಾರಲ್ಲ? ನಾವು ಹೋಗೋದೇ ಮೀನೂಟಕ್ಕೆ.

ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ ಅದು, ಕಡಲೂ ಒರಟು. ನಾಡದೋಣಿಯವರಿಗೆ ವಿನಾಯಿತಿ ಇದೆ. ಗಾಳಿ ತಗ್ಗಿದ ದಿನ ಅವರು ತಂದದ್ದೇ ತಾಜಾ ಮೀನು, ಬೆಲೆ ಜಾಸ್ತಿ. ಆ ತಿಂಗಳುಗಳಲ್ಲಿ ಹೋಟೆಲಿನವರು ದೊಡ್ಡ ಅಂಜಲ್ ತಂದಿಟ್ಟರೆ ಅದು ಐಸಿನದ್ದಾಗಿರುವ ಸಾಧ್ಯತೆಯೇ ಹೆಚ್ಚು.

ಹಾಗಂತ ಬರಿಗೈಲಿ ಬರಬೇಕಿಲ್ಲ. ಹೊಳೆ ಮೀನು, ಏಡಿ, ಶೆಟ್ಲಿ (ಸಿಗಡಿ) ಸಿಗುತ್ತವೆ. ಬಳಚು ಸಿಕ್ಕರೆ ಬಿಡಬೇಡಿ. ಹೊಳೆ ಸಮುದ್ರ ಸೇರುವ ಕಡೆ ಕೆಸರಿನಲ್ಲಿ ಸಿಗುವ ಚಿಪ್ಪಿನ ಜೀವಿ ಅದು. ಮೇ ತಿಂಗಳಲ್ಲಿ ಬಿಸಿಲಿಗೆ ಒಣಗಿಸಿಟ್ಟ ಮೀನು ಮಳೆಗಾಲದ ಊಟದ ಜೀವ. ಕುಚಲಕ್ಕಿ ಗಂಜಿ, ಕೆಂಡದಲ್ಲಿ ಸುಟ್ಟ ಒಣ ಬಂಗುಡೆ, ಒಂದು ಚೂರು ಉಪ್ಪಿನಕಾಯಿ. ಹೊರಗೆ ಮಳೆ. ನಮ್ಮ ಕಡೆಯವರಿಗೆ ಮೊದಲ ಸಲ ವಾಸನೆ ಜೋರು ಅನ್ನಿಸಬಹುದು, ಒಂದು ತುತ್ತು ಆದ ಮೇಲೆ ಯಾರೂ ಆ ಮಾತು ಎತ್ತುವುದಿಲ್ಲ. ಬೂತಾಯಿ, ಬಂಗುಡೆ ತಾಜಾ ಆಗಿಯೇ ಬೇಕು ಅನ್ನುವವರು ಆಗಸ್ಟ್ ಕಳೆಯಲು ಬಿಡಿ.

ನಾವು ತರಕಾರಿಯವರು. ನಮ್ಮ ಅಪ್ಪನಿಗೆ ಮುದ್ದೆ ಇಲ್ದೆ ಆಗಲ್ಲ. ಏನ್ಮಾಡೋದು?

ಮುದ್ದೆ ಸಿಗುವುದಿಲ್ಲ, ಅದನ್ನು ಮನಸ್ಸಿಂದ ತೆಗೆದುಬಿಡಿ. ಆದರೆ ತರಕಾರಿಯವರಿಗೆ ಮಳೆಗಾಲದಷ್ಟು ಒಳ್ಳೆಯ ಕಾಲ ಕರಾವಳಿಯಲ್ಲಿ ಬೇರೆ ಇಲ್ಲ. ಬೇಸಿಗೆಯಲ್ಲಿ ಮಾಡಿಟ್ಟ ಹಲಸಿನ ಹಪ್ಪಳ ಡಬ್ಬಿಯಿಂದ ಹೊರಗೆ ಬರುತ್ತದೆ. ಕಳಲೆ (ಎಳೆ ಬಿದಿರು) ಪಲ್ಯ, ಗುಡುಗು ಬಂದ ಮೇಲೆ ಏಳುವ ಅಣಬೆ, ಉಪ್ಪುಸೊಳೆಯ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ಹುಳಿ, ಅಪ್ಪೆಹುಳಿ, ದಿನಕ್ಕೊಂದು ಎಲೆಯ ತಂಬುಳಿ.

ಎಲ್ಲಕ್ಕಿಂತ ಮೇಲೆ ಪತ್ರೊಡೆ. ಮಾಡುವುದನ್ನು ಹತ್ತಿರದಿಂದ ನೋಡಿದ್ದೇನೆ. ಕೆಸುವಿನ ಎಲೆಯನ್ನು ಬೆನ್ನು ಮೇಲಾಗಿ ಹಾಸಿ, ದಪ್ಪ ನಾರನ್ನು ಚಾಕುವಿನಲ್ಲಿ ಹೆರೆದು ತೆಗೆಯುತ್ತಾರೆ. ನೆನೆಸಿದ ಅಕ್ಕಿ, ಒಣಮೆಣಸು, ಕೊತ್ತಂಬರಿ ಬೀಜ, ಬೆಲ್ಲ, ಧಾರಾಳವಾಗಿ ಹುಣಸೆಹಣ್ಣು ಹಾಕಿ ರುಬ್ಬಿದ ಹಿಟ್ಟನ್ನು ಬೆರಳಿನಿಂದ ತೆಳ್ಳಗೆ ಸವರುತ್ತಾರೆ. ಅದರ ಮೇಲೆ ಇನ್ನೊಂದು ಎಲೆ, ಮತ್ತೆ ಹಿಟ್ಟು. ಅಂಚು ಮಡಚಿ, ಬಿಗಿಯಾಗಿ ಸುತ್ತಿ, ಹಬೆಯಲ್ಲಿ ಬೇಯಿಸುತ್ತಾರೆ. ಆರಿದ ಮೇಲೆ ಬಿಲ್ಲೆ ಕತ್ತರಿಸಿದರೆ ಒಳಗೆ ಹಸಿರು ಸುರುಳಿ. ಹುಣಸೆ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿರುತ್ತವೆ. ಹುಳಿ ಮತ್ತು ಚೆನ್ನಾಗಿ ಬೇಯಿಸುವುದು ಎರಡೂ ಸೇರಿ ಆ ತುರಿಕೆಯನ್ನು ತಗ್ಗಿಸುತ್ತವೆ. ಹೋಟೆಲಿನ ಪಟ್ಟಿಯಲ್ಲಿ ಪತ್ರೊಡೆ ಇಲ್ಲದಿದ್ದರೂ ಹಿಂದಿನ ದಿನವೇ ಕೇಳಿಟ್ಟರೆ ಕೆಲವು ಕಡೆ ಮಾಡಿಕೊಡುತ್ತಾರೆ.

ಅಪ್ಪನಿಗೆ ಕುಚಲಕ್ಕಿ ಅನ್ನ ಕೊಡಿಸಿ. ಗಟ್ಟಿ ಊಟ, ಹೊಟ್ಟೆ ನಿಲ್ಲುತ್ತದೆ.

ಏನೇನು ತಗೊಂಡು ಹೋಗಬೇಕು?

ಜೀನ್ಸ್ ಬೇಡ, ಒಮ್ಮೆ ನೆಂದರೆ ನಾಲ್ಕು ದಿನ ಒಣಗುವುದಿಲ್ಲ. ತೆಳ್ಳನೆ ಬಟ್ಟೆ ಜಾಸ್ತಿ ಇರಲಿ. ಚರ್ಮದ ಚಪ್ಪಲಿ, ಬೆಲ್ಟಿಗೆ ಎರಡೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಹಿಡಿತ ಇರುವ ರಬ್ಬರ್ ಚಪ್ಪಲಿಯೇ ಸರಿ. ಸಮುದ್ರದ ಗಾಳಿಗೆ ಕೊಡೆ ಉಲ್ಟಾ ಆಗುತ್ತದೆ, ರೇನ್‌ಕೋಟ್ ಬೇಕು. ಒಂದು ನೈಲಾನ್ ಹಗ್ಗ, ಟಾರ್ಚು, ಮಾತ್ರೆಗಳು, ಕೈಯಲ್ಲಿ ನಗದು. ನೆಟ್‌ವರ್ಕ್ ಹೋದ ದಿನ ಫೋನ್‌ಪೇ ನಡೆಯುವುದಿಲ್ಲ. ಗೇರುಸೊಪ್ಪೆಯ ಚತುರ್ಮುಖ ಬಸದಿಯಂಥ ಕಾಡಿನ ಜಾಗಕ್ಕೆ ಹೋಗುವವರು ಉಂಬಳಕ್ಕೆ (ಜಿಗಣೆಗೆ) ಉಪ್ಪೋ ಸುಣ್ಣವೋ ಇಟ್ಟುಕೊಳ್ಳಿ.

ಅಪ್ಪ ಅಮ್ಮಂಗೆ 70 ದಾಟಿದೆ. ಕರ್ಕೊಂಡು ಹೋಗಬಹುದಾ?

ಹೋಗಬಹುದು, ಅವರಿಗೇ ಹೆಚ್ಚು ಹಿಡಿಸುತ್ತದೆ. ಸೆಕೆ ಕಡಿಮೆ, ದೇವಸ್ಥಾನದಲ್ಲಿ ಸಾಲು ಇರುವುದಿಲ್ಲ. ಎಚ್ಚರ ಬೇಕಿರುವುದು ಪಾಚಿಯ ಬಗ್ಗೆ. ಅಲ್ಲಿನ ಮೆಟ್ಟಿಲು, ಅಂಗಳ ಎಲ್ಲಾ ಚಿರೇಕಲ್ಲಿನವು. ಮಳೆಗಾಲದಲ್ಲಿ ಹಸಿರು ಪಾಚಿ ಕಟ್ಟಿ ಸಿಕ್ಕಾಪಟ್ಟೆ ಜಾರುತ್ತವೆ. ಕೆಳಗಿನ ಅಂತಸ್ತಿನ ರೂಮು ತಗೊಳ್ಳಿ. ಮಿರ್ಜಾನ್ ಕೋಟೆ ಈ ಕಾಲದಲ್ಲಿ ಹಸಿರು ಹೊದ್ದು ನಿಂತಿರುತ್ತದೆ, ಆದರೆ ಅವರು ಬಾಗಿಲ ಬಳಿಯಿಂದಲೇ ನೋಡಲಿ.

## ಕಡಲಿನ ಬಗ್ಗೆ, ಎಲ್ಲರೂ ಓದಬೇಕಾದ್ದು

ಮೊಣಕಾಲುದ್ದ ನೀರಲ್ಲಿ ಆಡಿದ್ರೆ ಏನಾಗುತ್ತೆ? ಒಳಗೆ ಹೋಗಲ್ಲ ನಾವು.

ಈ ಪ್ರಶ್ನೆಗೆ ನನ್ನದು ಒಂದೇ ಉತ್ತರ. ಮಳೆಗಾಲದಲ್ಲಿ ಪಾದವೂ ನೆನೆಯಬಾರದು.

ಕಾರಣ ಹೇಳುತ್ತೇನೆ. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್. ಮೊಣಕಾಲುದ್ದ ನೀರು ವೇಗವಾಗಿ ವಾಪಸ್ ಎಳೆಯುವಾಗ ನಿಮ್ಮ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ನಿಂತ ಜಾಗವೇ ಕುಸಿದು ನೀವು ಬೀಳುತ್ತೀರಿ. ಏಳುವಷ್ಟರಲ್ಲಿ ಮುಂದಿನ ಅಲೆ ಬಂದಿರುತ್ತದೆ. ಎಲ್ಲಾ ಅಲೆಗಳೂ ಒಂದೇ ಅಳತೆಯವಲ್ಲ. ಹತ್ತು ನಿಮಿಷ ಒಂದು ಗೆರೆ ದಾಟದ ನೀರು ಹನ್ನೊಂದನೇ ನಿಮಿಷಕ್ಕೆ ನಿಮ್ಮ ಹಿಂದಿನ ಬಂಡೆಗೂ ಬಡಿಯಬಹುದು. ಹಾಗಾಗಿ ಬಂಡೆ ಮೇಲೆ ನಿಂತು ಸೆಲ್ಫಿ ತೆಗೆಯುವುದೂ ನೀರಿಗಿಳಿದಷ್ಟೇ ಅಪಾಯ.

ಮಳೆಗಾಲ ಮಾತ್ರ ಅಂದುಕೊಳ್ಳಬೇಡಿ. 2024ರ ಡಿಸೆಂಬರ್‌ನಲ್ಲಿ, ಕಡಲು ಶಾಂತವಾಗಿರುವ ಕಾಲ ಅಂತ ನಾವೆಲ್ಲ ತಿಳಿದಿರುವ ತಿಂಗಳಲ್ಲೇ, ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಹೋಗಿದ್ದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದಲ್ಲಿ ಅಲೆಯ ಪಾಲಾದರು. ನಮ್ಮ ಬಯಲುಸೀಮೆಯ ಮಕ್ಕಳಿಗೆ ಕಡಲು ಗೊತ್ತಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಗೊತ್ತು ಮಾಡಿಸಬೇಕಾದವರು ದೊಡ್ಡವರು.

ನಮ್ಮ ಹುಡುಗರಿಗೆ ಈಜು ಚೆನ್ನಾಗಿ ಬರುತ್ತೆ. ಬಾವಿಲಿ, ಕೆರೇಲಿ ಈಜಿದ್ದಾರೆ.

ಬಾವಿಯ ನೀರು ನಿಂತ ನೀರು. ಕಡಲಿನ ಅಪಾಯ ಇರುವುದು ಹಿಂದಕ್ಕೆ ಎಳೆಯುವ ಸೆಳೆತದಲ್ಲಿ. ಅಲೆಗಳು ದಡಕ್ಕೆ ತಂದು ಸುರಿದ ನೀರೆಲ್ಲ ಹಿಂದಕ್ಕೆ ಹೋಗಬೇಕಲ್ಲ? ಅದು ಮರಳಿನ ದಿಬ್ಬಗಳ ನಡುವಿನ ಇಕ್ಕಟ್ಟಾದ ಓಣಿಯಲ್ಲಿ ನುಗ್ಗುತ್ತದೆ. ಅದರ ವೇಗದ ಎದುರು ಪಳಗಿದ ಈಜುಗಾರರೂ ಗೆಲ್ಲುವುದಿಲ್ಲ. ಮೋಸವೇನೆಂದರೆ ಆ ಜಾಗ ನೋಡಲು ಶಾಂತವಾಗಿರುತ್ತದೆ. ಎಡಬಲದಲ್ಲಿ ಬಿಳಿ ನೊರೆ, ನಡುವೆ ಅಲೆ ಒಡೆಯದ, ಕದಡಿದ ಬಣ್ಣದ ಪಟ್ಟಿ. ಹೊಸಬರು ಇಲ್ಲಿ ಅಲೆ ಕಡಿಮೆ ಅಂತ ಅಲ್ಲಿಯೇ ಇಳಿಯುತ್ತಾರೆ.

ಬೇರೆ ಯಾವುದೇ ಕಾಲದಲ್ಲಿ ಇಂಥ ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ಈಜಬೇಡಿ, ಸುಸ್ತಾಗಿ ಮುಳುಗುವುದು ಅದರಿಂದಲೇ. ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಬನ್ನಿ, ಆಮೇಲೆ ದಡಕ್ಕೆ ತಿರುಗಿ. ಈಜಲು ಆಗದಿದ್ದರೆ ತೇಲಿಕೊಂಡು ಕೈ ಎತ್ತಿ ಕೂಗಿ. ಇನ್ನೊಬ್ಬರು ಸಿಕ್ಕಿಕೊಂಡರೆ ನೀವು ಹಾರಬೇಡಿ. ಹಗ್ಗ, ಖಾಲಿ ಕ್ಯಾನು, ತೇಲುವ ಏನನ್ನಾದರೂ ಎಸೆಯಿರಿ. 112ಕ್ಕೆ ಫೋನ್ ಮಾಡಿ, ಮೀನುಗಾರರನ್ನು ಕೂಗಿ.

ಹೋದ ಸಲ ಬೀಚೇ ಇರಲಿಲ್ಲ. ಮರಳೆಲ್ಲ ಎಲ್ಲಿ ಹೋಯ್ತು?

ಸಮುದ್ರದೊಳಗೇ ಇದೆ. ಮಳೆಗಾಲದ ಎತ್ತರದ, ಒತ್ತೊತ್ತಾದ ಅಲೆಗಳು ದಡದ ಮರಳನ್ನು ಕಿತ್ತು ಸ್ವಲ್ಪ ದೂರ ಒಳಗೆ ದಿಬ್ಬ ಮಾಡಿ ಇಡುತ್ತವೆ. ಅಕ್ಟೋಬರ್ ಕಳೆದು ಅಲೆಗಳು ಮೆತ್ತಗಾದ ಮೇಲೆ ಅದೇ ಮರಳನ್ನು ಸ್ವಲ್ಪ ಸ್ವಲ್ಪವಾಗಿ ವಾಪಸ್ ತಂದು ಹಾಕುತ್ತವೆ. ಡಿಸೆಂಬರ್‌ನಲ್ಲಿ ನೀವು ನಡೆಯುವ ಅಗಲವಾದ ಬೀಚ್ ಹೀಗೆ ವರ್ಷವೂ ಹೊಸದಾಗಿ ಕಟ್ಟಿದ್ದು. ಕೆಲವು ಕಡೆ ಪೂರ್ತಿ ವಾಪಸ್ ಬರುವುದಿಲ್ಲ. ಅಲ್ಲಿ ತೆಂಗಿನ ಮರಗಳು ಬುಡ ಬಿಟ್ಟುಕೊಂಡು ವಾಲಿರುತ್ತವೆ, ದಡಕ್ಕೆ ದೊಡ್ಡ ಬಂಡೆಗಳನ್ನು ಸುರಿದಿರುತ್ತಾರೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಮಳೆಗಾಲದಲ್ಲಿ ಅಲ್ಲಿ ನಿಂತರೆ ಆ ರಸ್ತೆ ಎಷ್ಟು ತೆಳ್ಳಗಿದೆ ಅನ್ನುವುದು ಗೊತ್ತಾಗುತ್ತದೆ.

ದಿನಕ್ಕೆ ಎರಡು ಭರತ, ಎರಡು ಇಳಿತ. ಸಮಯ ದಿನವೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ನೀರು ಇನ್ನೂ ಮೇಲೆ ಬರುತ್ತದೆ. ದಡದ ಮೇಲೆ ನಡೆಯುವ ಆಸೆ ಇದ್ದರೆ ಇಳಿತದ ಹೊತ್ತನ್ನು ಊರವರ ಹತ್ತಿರ ಕೇಳಿಕೊಳ್ಳಿ, ನೀರಿನ ಗೆರೆಯಿಂದ ತುಂಬಾ ದೂರದಲ್ಲಿ ನಡೆಯಿರಿ.

## ಒಂದೆರಡು ಸಲ ಹೋಗಿ ಬಂದವರು ಕೇಳುವುದು

ಘಾಟಿ ಕುಸಿಯುತ್ತೆ ಅಂತ ಭಯ. ಯಾವ ದಾರಿ ಸುರಕ್ಷಿತ?

ಯಾವ ಘಾಟಿಯೂ ಮಳೆಗಾಲದಲ್ಲಿ ಪೂರ್ತಿ ಸುರಕ್ಷಿತ ಅಲ್ಲ. ಶಿರಾಡಿ, ಚಾರ್ಮಾಡಿ, ಆಗುಂಬೆ, ಹುಲಿಕಲ್ಲು, ದೇವಿಮನೆ, ಗೇರುಸೊಪ್ಪೆ, ಒಂದಲ್ಲ ಒಂದು ವರ್ಷ ಎಲ್ಲದರಲ್ಲೂ ಮಣ್ಣು ಜಾರಿದೆ. ಹವಾಮಾನ ಇಲಾಖೆಯ ಬಣ್ಣಗಳನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ. ಸಾಮಾನ್ಯವಾಗಿ ಹಳದಿ, ಕಿತ್ತಳೆ, ಕೆಂಪು ಅಲರ್ಟ್ ಇದೇ ಕ್ರಮದಲ್ಲಿ ಬರುತ್ತವೆ. ಕಿತ್ತಳೆ ಇದ್ದರೆ ನಾವು ಹೊರಡುವುದಿಲ್ಲ. ಅಲ್ಲಿದ್ದಾಗ ಬಂದರೆ ಇರುವ ಊರಲ್ಲೇ ಇರುತ್ತೇವೆ. ಅದಕ್ಕೇ ವಾಪಸ್ ಬರುವ ದಿನದ ಮರುದಿನ ಮುಖ್ಯವಾದ ಕೆಲಸ ಇಟ್ಟುಕೊಳ್ಳಬಾರದು. ಜಿಲ್ಲೆಯ ನಿಯಂತ್ರಣ ಕೊಠಡಿಯ ನಂಬರು 1077.

ಘಾಟಿ ಇಳಿದ ಮೇಲೆ ಅಪಾಯ ಮುಗಿಯಿತು ಅನ್ನಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ 66ನೇ ರಾಷ್ಟ್ರೀಯ ಹೆದ್ದಾರಿಯನ್ನು ಮುಚ್ಚಿತು. ರಸ್ತೆ ಬದಿಯ ಚಹಾ ಅಂಗಡಿ, ಅಲ್ಲಿ ನಿಂತಿದ್ದ ಜನ, ವಾಹನ ಎಲ್ಲಾ ಗಂಗಾವಳಿ ನದಿಗೆ ಹೋದವು. ರಸ್ತೆ ಅಗಲ ಮಾಡಲು ನೇರವಾಗಿ ಕಡಿದ ಗುಡ್ಡದ ಕೆಳಗೆ ಟೀ ಕುಡಿಯಲೂ ನಿಲ್ಲಬೇಡಿ. ಗುಡ್ಡದಿಂದ ಬರುವ ನೀರು ಇದ್ದಕ್ಕಿದ್ದಂತೆ ಕೆಸರಾದರೆ ಅಲ್ಲಿಂದ ಹೊರಟುಬಿಡಿ.

ಸಂಜೆ ಏಳಕ್ಕೇ ಊರೆಲ್ಲ ಮಲಗಿಬಿಡುತ್ತೆ. ಆಮೇಲೇನು ಮಾಡೋದು?

ತಾಳಮದ್ದಳೆ ಎಲ್ಲಾದರೂ ಇದೆಯಾ ಅಂತ ವಿಚಾರಿಸಿ. ಬಯಲಿನಲ್ಲಿ ಯಕ್ಷಗಾನ ಆಡುವ ಮೇಳಗಳ ತಿರುಗಾಟ ಮೇ ತಿಂಗಳಿಗೆ ಮುಗಿಯುತ್ತದೆ. ಮಳೆಗಾಲದಲ್ಲಿ ಅದೇ ಪ್ರಸಂಗಗಳು ಸೂರಿನ ಕೆಳಗೆ ಬರುತ್ತವೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಚಂಡೆ ಮದ್ದಳೆ ಇರುತ್ತದೆ. ಬಿಳಿ ಪಂಚೆ ಉಟ್ಟ ಅರ್ಥಧಾರಿಗಳು ಎದುರುಬದುರು ಕೂತು ಮಾತಿನಲ್ಲೇ ಕರ್ಣನೂ ಕೃಷ್ಣನೂ ಆಗುತ್ತಾರೆ. ಬರೆದಿಟ್ಟ ಮಾತಲ್ಲ, ಅಲ್ಲೇ ಹುಟ್ಟಿದ್ದು. ಒಬ್ಬರ ವಾದಕ್ಕೆ ಇನ್ನೊಬ್ಬರು ಏನು ಹೇಳುತ್ತಾರೋ ಅಂತ ಸಭೆ ಕಾಯುತ್ತಿರುತ್ತದೆ. ಹೆಂಚಿನ ಮೇಲೆ ಮಳೆ ಬೀಳುತ್ತಿರುವಾಗ ಅದನ್ನು ಕೇಳಬೇಕು.

ನಮ್ಮ ತುಮಕೂರಿನ ಕಡೆಯ ಮೂಡಲಪಾಯ ಯಕ್ಷಗಾನ ನೋಡಿ ಬೆಳೆದವರಿಗೆ ಇದು ಇನ್ನೂ ಹತ್ತಿರವಾಗುತ್ತದೆ. ದೇವಸ್ಥಾನದ ಸಭಾಭವನಗಳಲ್ಲಿ ನಡೆಯುತ್ತದೆ, ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ, ಹೋಗಿ ಹಿಂದಿನ ಸಾಲಿನಲ್ಲಿ ಕೂತರೆ ಯಾರೂ ಏನೂ ಅನ್ನುವುದಿಲ್ಲ.

ಮೀನುಗಾರರ ಕೇರಿ ಕಡೆ ಹೋಗಬಹುದಾ? ಫೋಟೋ ತೆಗೆದ್ರೆ ಬೇಜಾರು ಮಾಡ್ಕೊತಾರಾ?

ಕೇಳಿ ಹೋಗಿ, ಕೇಳಿ ತೆಗೆಯಿರಿ. ಈ ಎರಡು ತಿಂಗಳು ಅವರಿಗೆ ಬಿಡುವಿನ ಕಾಲ ಅಂತ ನಮಗೆ ಕಾಣುತ್ತದೆ. ಸಂಪಾದನೆ ನಿಂತ ಕಾಲವೂ ಅದೇ. ಮನೆಯ ಸಾಮಾನು ಅಳೆದು ತೂಗಿ ಖರ್ಚು ಮಾಡುವ ತಿಂಗಳುಗಳು.

ಟಾರ್ಪಾಲಿನ ಕೆಳಗೆ ಬಲೆ ರಿಪೇರಿ ನಡೆಯುತ್ತಿರುತ್ತದೆ. ಹರಿದ ಭಾಗವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಹಿಡಿದು, ನೂಲು ಸುತ್ತಿದ ಚಪ್ಪಟೆ ಸೂಜಿಯನ್ನು ಕಣ್ಣಿನಿಂದ ಕಣ್ಣಿಗೆ ದಾಟಿಸುತ್ತಾರೆ. ಪ್ರತಿ ಗಂಟೂ ಒಂದೇ ಅಳತೆಗೆ ಬರಬೇಕು. ಕಣ್ಣು ದೊಡ್ಡದಾದರೆ ಮೀನು ಜಾರುತ್ತದೆ, ಚಿಕ್ಕದಾದರೆ ಮರಿಗಳೂ ಸಿಕ್ಕಿಬೀಳುತ್ತವೆ. ನೋಡಲು ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಅವರೇ ಮಾತು ಶುರು ಮಾಡುತ್ತಾರೆ. ಯಾವೂರು ಅಂತ ಕೇಳಿದರೆ ತುಮಕೂರು ಅನ್ನಿ. ಲಾರಿಯಲ್ಲಿ ಮೀನು ಒಳನಾಡಿಗೆ ಹೋಗುವ ದಾರಿಯ ಊರು, ಅವರಿಗೆ ಗೊತ್ತು.

ನೂಲ ಹುಣ್ಣಿಮೆಗೆ ಹೋದ್ರೆ ಚೆನ್ನಾಗಿರುತ್ತೆ ಅಂತಾರೆ, ನಿಜಾನಾ?

ನಿಜ. ಶ್ರಾವಣದ ಹುಣ್ಣಿಮೆಗೆ ಮೀನುಗಾರರು ಕಡಲಿಗೆ ಹಾಲು, ಹೂವು, ತೆಂಗಿನಕಾಯಿ ಅರ್ಪಿಸಿ ಸಮುದ್ರ ಪೂಜೆ ಮಾಡುತ್ತಾರೆ. ಸುಂಕ ಕಟ್ಟುವುದಲ್ಲ, ಬೇಡಿಕೊಳ್ಳುವುದು. ಈ ವರ್ಷ ಹೋದವರೆಲ್ಲ ಕ್ಷೇಮವಾಗಿ ವಾಪಸ್ ಬರಲಿ ಅಂತ. ದಡದಲ್ಲಿ ಊರಿಗೆ ಊರೇ ಸೇರಿರುತ್ತದೆ. ನೀವು ಸ್ವಲ್ಪ ಹಿಂದೆ ನಿಂತು ನೋಡಿ. ಆ ಹೊತ್ತಿಗೆ ಮಳೆಯ ಬಿರುಸು ತಗ್ಗಿರುತ್ತದೆ, ಬಿಸಿಲು ಆಗಾಗ ಇಣುಕುತ್ತದೆ, ಗದ್ದೆ ಕಡುಹಸಿರಾಗಿರುತ್ತದೆ. ಮೊದಲ ಸಲ ಹೋಗುವವರಿಗೆ ನಾನು ಜುಲೈಗಿಂತ ಈ ದಿನಗಳನ್ನೇ ಹೇಳುತ್ತೇನೆ.

ಲ್ಯಾಪ್‌ಟಾಪ್ ತಗೊಂಡು ಹೋಗಿ ಹದಿನೈದು ದಿನ ಅಲ್ಲೇ ಇದ್ದು ಕೆಲಸ ಮಾಡಬಹುದಾ?

ಮೀಟಿಂಗ್ ಜಾಸ್ತಿ ಇರುವ ಕೆಲಸವಾದರೆ ಬೇಡ. ಮರ ಬಿದ್ದು ತಂತಿ ಹರಿದರೆ ಕರೆಂಟು ಬರಲು ಒಂದು ದಿನವೂ ಆಗಬಹುದು, ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಬರೆಯುವ, ಓದುವ, ಲೆಕ್ಕ ನೋಡುವ ಕೆಲಸವಾದರೆ ಧೈರ್ಯವಾಗಿ ಹೋಗಿ. ಪಟ್ಟಣದೊಳಗೆ, ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ದೂರದಲ್ಲಿ ಮನೆ ನೋಡಿ. ಎರಡು ಬೇರೆ ಕಂಪನಿಯ ಸಿಮ್ ಇರಲಿ. ಮೂರನೇ ದಿನಕ್ಕೆ ಹಾಲಿನವರು, ಐದನೇ ದಿನಕ್ಕೆ ಹೋಟೆಲಿನ ಅಣ್ಣ ನಿಮ್ಮನ್ನು ಗುರುತು ಹಿಡಿಯುತ್ತಾರೆ. ಆಮೇಲೆ ಎಲ್ಲಿ ಪತ್ರೊಡೆ ಮಾಡಿದ್ದಾರೆ, ಎಲ್ಲಿ ತಾಳಮದ್ದಳೆ ಇದೆ, ಯಾವ ದಿನ ಘಾಟಿ ಬಂದ್ ಆಗಿದೆ ಅನ್ನುವುದನ್ನು ಅವರೇ ಕರೆದು ಹೇಳುತ್ತಾರೆ.